ಗೋಪುರಕ್ಕೆ ಏಳು ಸಾಲು ಹೆಚ್ಚಿಗೆ

ಧಾರವಾಡ, 20 ಜುಲೈ 2025, ರವಿವಾರ

ರವಿವಾರ ಕೂಡಿ ಹೆಣೆಯುವ ನಾವು, ಉಲನ್‌ನಲ್ಲಿ ಹೆಣೆದ ಮೊದಲ ಸುತ್ತಿನ ಆರು ಚೌಕಗಳನ್ನು ಇವತ್ತು ಮಾಳಮಡ್ಡಿ ವೈನಿಯ ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಹಾಸಿದೆವು. ಉಲನ್ ಒಂದೇ ಅಂಗಡಿಯದು, ಕಡ್ಡಿ ಎಲ್ಲರವೂ ಎಂಟು ನಂಬರಿನವು, ಎಲ್ಲರೂ ಕಡ್ಡಿಗೆ ಏರಿಸಿದ್ದು 55 ಕುಣಿಕೆ. ಆದರೆ ಟೇಪು ಹಿಡಿದರೆ ಒಂದು ಚೌಕ 23 ಸೆಂಟಿಮೀಟರ್, ಇನ್ನೊಂದು 27ನ್ನೂ ದಾಟಿದೆ. ಬೇಕಾಗಿದ್ದದ್ದು 25. ಮೂರರಂತೆ ನಾಲ್ಕು ಸಾಲು, ಒಟ್ಟು ಹನ್ನೆರಡು ಚೌಕ ಕೂಡಿಸಿದರೆ ತೊಟ್ಟಿಲ ಕೂಸಿಗೆ ಬೆಚ್ಚನೆಯ ಹೊದಿಕೆಯಾಗಬೇಕು. ವೈನಿಯ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ, ಗಣಪತಿ ಹಬ್ಬದ ಹೊತ್ತಿಗೆ ದಿನ ತುಂಬುತ್ತವೆ.

ಅಳತೆ ಹೀಗೆ ಹೆಚ್ಚುಕಡಿಮೆ ಬಂದದ್ದು ನನಗಂತೂ ಖುಷಿಯೇ. ಒಬ್ಬರೇ ಮನೆಯಲ್ಲಿ ಕೂತು ಹೆಣೆಯುವಾಗ ನಮ್ಮ ಕೈ ಎಂಥದು ಅಂತ ನಮಗೇ ತಿಳಿಯುವುದಿಲ್ಲ. ಮತ್ತೊಬ್ಬರ ಕೆಲಸದ ಪಕ್ಕ ಇಟ್ಟಾಗಲೇ ಗೊತ್ತಾಗುತ್ತದೆ. ವೈನಿ ಎಳೆಯನ್ನು ಕಿರುಬೆರಳಿಗೆ ಎರಡು ಸುತ್ತು ಸುತ್ತಿಕೊಂಡು ಎಳೆದೆಳೆದು ಹಾಕುತ್ತಾರೆ. ಅವರ ಚೌಕ ಕೈಗೇ ಗಟ್ಟಿ ಹತ್ತುತ್ತದೆ. ಬ್ಯಾಂಕಿನಿಂದ ನಿವೃತ್ತರಾದ ಅಕ್ಕಾವರು ಎಳೆಯನ್ನು ತೋರುಬೆರಳ ಮೇಲೆ ಸುಮ್ಮನೆ ಹರಿಯಬಿಡುತ್ತಾರೆ. ಅವರದನ್ನು ಬೆಳಕಿಗೆ ಹಿಡಿದರೆ ಕಿಟಕಿ ಕಾಣುತ್ತದೆ. ಇಬ್ಬರದೂ ಚೆಂದವೇ. ಕೂಸಿನ ಟೊಪ್ಪಿಗೆಗೆ ವೈನಿಯ ಕೈ ಬೇಕು, ಶಾಲಿಗೆ ಅಕ್ಕಾವರದು.

"ನಾ ಸ್ವಲ್ಪ ಸಡ್ಲ ಹಾಕ್ಲಿ ಏನ್ರಿ?" ಅಂತ ವೈನಿ ಕೇಳಿದರು. ಬೇಡ ಅಂದೆ. ನಲವತ್ತು ವರ್ಷ ಪಳಗಿದ ಕೈಯನ್ನು ಒಂದು ಹೊದಿಕೆಗಾಗಿ ಬದಲಿಸುವುದು ಆಗದ ಮಾತು. ನಡುವೆ ಎಲ್ಲಿ ಮರೆತರೂ ಅಲ್ಲಿಂದ ಮತ್ತೆ ಬಿಗಿಯಾಗುತ್ತದೆ, ಒಂದೇ ಚೌಕದಲ್ಲಿ ಎರಡು ಅಳತೆ ಬರುತ್ತದೆ. ಬದಲಿಸಬೇಕಾದದ್ದು ಕಡ್ಡಿ. ನಮ್ಮಲ್ಲಿ ಸಿಗುವ ಕಡ್ಡಿಗಳಲ್ಲಿ ನಂಬರ್ ಏರಿದಷ್ಟೂ ದಪ್ಪ ಇಳಿಯುತ್ತದೆ: ಎಂಟು ಅಂದರೆ 4 ಮಿಲಿಮೀಟರ್, ಹತ್ತು ಅಂದರೆ 3.25, ಹನ್ನೆರಡು ಅಂದರೆ 2.75. ಹಾಗಾಗಿ ವೈನಿಗೆ ಏಳು ನಂಬರ್ ಕೊಟ್ಟೆವು, ಅಕ್ಕಾವರಿಗೆ ಒಂಬತ್ತು. ಅಲ್ಲೇ ಕೂತು ಇಬ್ಬರೂ ನಾಲ್ಕು ಬೆರಳಗಲ ಹೆಣೆದು ತೋರಿಸಿದರು. 10 ಸೆಂಟಿಮೀಟರಿಗೆ ಇಬ್ಬರದೂ 22 ಕುಣಿಕೆ! ಅಕ್ಕಾವರು ಚಪ್ಪಾಳೆ ತಟ್ಟಿದರು.

ಅಳತೆ ತಪ್ಪಿದ ಎರಡು ಚೌಕ ಬಿಚ್ಚಿದೆವು. ಇದೊಂದು ಸುಖ ಹೆಣಿಗೆಯಲ್ಲಿ ಮಾತ್ರ ಉಂಟು. ಬಟ್ಟೆ ಕತ್ತರಿಸಿದರೆ ಮುಗಿಯಿತು, ಇಲ್ಲಿ ಇಡೀ ಚೌಕ ಒಂದೇ ಎಳೆ. ಮುಚ್ಚಿದ ಕೊನೆ ಬಿಚ್ಚಿ ಎಳೆದರೆ ಸಾಲು ಸಾಲಾಗಿ ಸರಸರ ಬಿಚ್ಚಿಕೊಂಡು ಬರುತ್ತದೆ, ಒಂದು ಗೇಣೂ ಹಾಳಾಗುವುದಿಲ್ಲ. ನಮ್ಮ ತಾಯಿ ಕಾಲದಲ್ಲಿ ದೊಡ್ಡವರಿಗೆ ಸಣ್ಣದಾದ ಸ್ವೆಟರ್ ಬಿಚ್ಚಿ ಚಿಕ್ಕವರಿಗೆ ಹಾಕುತ್ತಿದ್ದರು. ಬಿಚ್ಚಿದ ಎಳೆ ಸುಕ್ಕಾಗಿರುತ್ತದೆ. ಖುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನೀರಲ್ಲಿ ಅದ್ದಿ, ಹಿಂಡದೆ ನೆರಳಲ್ಲಿ ತೂಗುಹಾಕಿದರೆ ನೆಟ್ಟಗಾಗುತ್ತದೆ. ಈ ಆಷಾಢದ ಮಳೆಯಲ್ಲಿ ಒಣಗಲು ಎಷ್ಟು ದಿನ ಬೇಕೋ, ಅದು ಬೇರೆ ಮಾತು.

ಮಧ್ಯಾಹ್ನದ ದೊಡ್ಡ ಸಂಗತಿ ಅಂದರೆ ಗೋಪುರ.

ನಮ್ಮ ಕಸೂತಿ ಕಾಕು ಮೊದಮೊದಲು ಕಡ್ಡಿ ಮುಟ್ಟುತ್ತಲೇ ಇರಲಿಲ್ಲ. ಬಂದು ಕೂತು ಇಳಕಲ್ ಸೀರೆಗೋ ಖಣಕ್ಕೋ ಕಸೂತಿ ಹಾಕುತ್ತ ನಮ್ಮ ಮಾತು ಕೇಳುತ್ತಿದ್ದರು. ಇವತ್ತು ತಮ್ಮ ತಾಯಿ ಹಾಕಿದ ಕರಿ ಬಟ್ಟೆಯ ತುಂಡೊಂದನ್ನು ತಂದಿದ್ದರು. ಗೋಪುರ, ತೇರು, ತುಳಸಿ ವೃಂದಾವನ, ಅಂಬಾರಿ ಹೊತ್ತ ಆನೆ, ತೊಟ್ಟಿಲು ಎಲ್ಲ ಅದರಲ್ಲಿವೆ. ಬಟ್ಟೆಯ ಮೇಲೆ ಪೆನ್ಸಿಲಿನ ಗೆರೆ ಒಂದೂ ಇಲ್ಲ. ಕಸೂತಿಯಲ್ಲಿ ಚಿತ್ರ ಬರೆದುಕೊಳ್ಳುವುದೇ ಇಲ್ಲ, ಬಟ್ಟೆಯ ಎಳೆ ಎಣಿಸಿ ಹಾಕುವುದು. ಗವಂತಿ ಅನ್ನುವ ಕಸೂತಿ ಹೊಲಿಗೆ ಹೋಗುವಾಗ ಒಂದು ಬಿಟ್ಟು ಒಂದು ಹಾಕಿ, ಬರುವಾಗ ಬಿಟ್ಟದ್ದನ್ನು ತುಂಬುತ್ತದೆ. ಗಂಟು ಹಾಕುವಂತಿಲ್ಲ, ಹಿಂದೆ ಮುಂದೆ ಒಂದೇ ಥರ ಕಾಣಬೇಕು. ತುಂಡನ್ನು ಮಗುಚಿ ನೋಡಿದೆ. ಯಾವುದು ಮೇಲ್ಬದಿ ಅಂತ ಹೇಳಲಾಗಲಿಲ್ಲ. ಕಾಕು ನಕ್ಕರು.

ಹೊದಿಕೆಯ ಮೇಲೆ ಇವೇ ಬರಲಿ ಅನ್ನುವ ಆಸೆ ಎಲ್ಲರಿಗೂ. ಎಂಜಿನಿಯರಿಂಗ್ ಓದುವ ಹುಡುಗಿ ಹೋದ ವಾರವೇ ಗೋಪುರದ ಫೋಟೋ ತೆಗೆದುಕೊಂಡು ಹೋಗಿ, ಗ್ರಾಫ್ ಹಾಳೆಯ ಮೇಲೆ ಅಗಲ 22 ಮನೆ, ಎತ್ತರ 22 ಮನೆ ಇಳಿಸಿದ್ದಳು. ಹೆಣಿಗೆಯ ಸೀದಾ ಬದಿಯಲ್ಲಿ, ಅಂದರೆ ಮುಂಬದಿಯಲ್ಲಿ, ಪ್ರತಿ ಕುಣಿಕೆಯೂ ಇಂಗ್ಲಿಷಿನ 'ವಿ' ಅಕ್ಷರದಂತೆ ಕಾಣುತ್ತದಲ್ಲ, ಮೊಂಡು ಸೂಜಿಗೆ ಬೇರೆ ಬಣ್ಣದ ಎಳೆ ಪೋಣಿಸಿ ಆ 'ವಿ' ಮೇಲೆಯೇ ಇನ್ನೊಂದು 'ವಿ' ಹಾಕುತ್ತ ಹೋದರೆ ಚಿತ್ರ ಮೂಡುತ್ತದೆ. ಹಾಗೆಯೇ ಮಾಡಿ ತಂದಿದ್ದಳು. ಒಂದು ಮನೆಯೂ ತಪ್ಪಿಲ್ಲ. ಆದರೆ ಚೌಕ ಬಿಡಿಸಿಟ್ಟು, "ಕಾಕು, ನಿಮ್ಮ ಗೋಪುರ ಯಾಕೋ ಕುಸದ ಕುಂತದ ನೋಡ್ರಿ" ಅಂದಳು.

ನಿಜವೇ. ಅಗಲ ಸರಿ, ಎತ್ತರ ಇಲ್ಲ, ಅದು ಗೋಪುರವಾಗದೆ ಮಂಟಪವಾಗಿತ್ತು. ಕಾಕು ಕನ್ನಡಕ ಏರಿಸಿ, ಸೂಜಿಯ ತುದಿಯಿಂದ ಕುಣಿಕೆ ಎಣಿಸಿದರು, ಆಮೇಲೆ ಸಾಲು ಎಣಿಸಿದರು, ಮತ್ತೆ ಕುಣಿಕೆ ಎಣಿಸಿದರು.

"ನಮ್ಮ ಬಟ್ಟ್ಯಾಗ ಅಡ್ಡ ಎಳಿ, ಉದ್ದ ಎಳಿ ಸರಿಸಮ ಇರ್ತಾವವಾ. ನಿಮ್ಮ ಉಲನ್ ಹಂಗಿಲ್ಲ. ಕುಣಿಕಿ ಅಗಲ ಜಾಸ್ತಿ, ಎತ್ತರ ಕಡಿಮಿ."

ಇದನ್ನೇ ಅಂಕಿಯಲ್ಲಿ ಹೇಳಬೇಕೆಂದರೆ, ನಮ್ಮ ಹೆಣಿಗೆಯಲ್ಲಿ 10 ಸೆಂಟಿಮೀಟರ್ ಅಗಲಕ್ಕೆ 22 ಕುಣಿಕೆ ಹಿಡಿದರೆ, ಅಷ್ಟೇ ಎತ್ತರಕ್ಕೆ 30 ಸಾಲು ಬೇಕು. 22 ಸಾಲಿಗೆ ನಿಲ್ಲಿಸಿದರೆ ಏಳೂವರೆ ಸೆಂಟಿಮೀಟರೂ ಆಗುವುದಿಲ್ಲ. ಕಾಕು ಲೆಕ್ಕದ ಗೊಡವೆಗೆ ಹೋಗಲಿಲ್ಲ. ಪೆನ್ಸಿಲ್ ಇಸಿದುಕೊಂಡು ಗ್ರಾಫಿನ ಮೇಲೆ ಮೂರು ಸಾಲಿಗೊಂದು ಗುರುತು ಹಾಕಿ, "ಇಲ್ಲಿ ಮ್ಯಾಲಿನ ಸಾಲನ್ನ ಇನ್ನೊಮ್ಮೆ ಹಾಕು" ಅಂದರು. ಏಳು ಸಾಲು ಹೆಚ್ಚಾದವು, 22 ಹೋಗಿ 29 ಆಯಿತು. ಕಳಸದ ಹತ್ತಿರ ಮಾತ್ರ ಸೇರಿಸಬೇಕಾದ ಸಾಲನ್ನು ಒಂದು ಮೆಟ್ಟಿಲು ಕೆಳಗೆ ಇಳಿಸಿದರು, ಅಲ್ಲಿ ಸೇರಿಸಿದರೆ ತುದಿ ಮೊಂಡಾಗುತ್ತದೆ ಅಂತ. ಅದು ಲೆಕ್ಕದಿಂದ ಬರುವ ಜಾಣತನವಲ್ಲ. ಅಷ್ಟು ಗೋಪುರ ಹಾಕಿದ ಕಣ್ಣಿಗೆ ಮಾತ್ರ ಅದು ಕಾಣುತ್ತದೆ.

ಇನ್ನೊಂದು ಮಾತನ್ನೂ ಅವರೇ ಹೇಳಿದರು. "ಗವಂತಿಲೆ ಗೆರಿ ಬರ್ತದ. ಇಲ್ಲಿ ಮನಿ ತುಂಬ್ತದ, ಮೆಂತಿ ಹಾಕಿದ್ಹಂಗ. ಅದಕ್ಕ ತೇರಿನ ಸಣ್ಣ ಕೆಲಸ ಇದರಾಗ ಬ್ಯಾಡ, ಹುದಲಾಗ್ತದ. ಆನಿ ಚೊಲೋ ಕಾಣ್ತದ." ಮೆಂತಿ ಅಂದರೆ ಕಸೂತಿಯಲ್ಲಿ ಮನೆ ತುಂಬುವ ಕತ್ತರಿ ಹೊಲಿಗೆ. ತೇರನ್ನು ಆಸೆಪಟ್ಟವಳು ನಾನೇ. ಆದರೂ ಕೇಳಿದ ಕೂಡಲೇ ಅವರ ಮಾತು ಸರಿ ಅನ್ನಿಸಿತು.

ನಾಲ್ಕು ಗಂಟೆಯ ಹೊತ್ತಿಗೆ ಕಾಕು ತಾವಾಗಿಯೇ ಒಂದು ಜೊತೆ ಕಡ್ಡಿ ಕೇಳಿದರು! ಹುಡುಗಿ ಅವರ ಹಿಂದೆ ನಿಂತು, ಎರಡೂ ತೋಳು ಸುತ್ತಿ ಕೈ ಹಿಡಿದು ಸೀದಾ ಕುಣಿಕೆ ಕಲಿಸಿದಳು. ಎದುರು ಕೂತು ಕಲಿಸಿದರೆ ಎಡ ಬಲ ತಿರುಗುಮುರುಗಾಗುತ್ತದೆ, ಹೀಗೆ ಹಿಂದಿನಿಂದ ಕಲಿಸುವುದೇ ಸುಲಭ. ನಮ್ಮ ಅಬಚಿ, ಅಂದರೆ ಚಿಕ್ಕಮ್ಮ, ನನಗೂ ಹಾಗೇ ಕಲಿಸಿದ್ದು. ಇಪ್ಪತ್ತರ ಹುಡುಗಿ, ಎಪ್ಪತ್ತು ದಾಟಿದ ಕಾಕು. ಅರ್ಧ ತಾಸಿನ ಹಿಂದೆ ಕಾಕು ಅವಳಿಗೆ ಕಲಿಸುತ್ತಿದ್ದರು. ನೋಡುತ್ತ ನನ್ನ ಕಣ್ಣು ತುಂಬಿ ಬಂತು. ಇದಕ್ಕಾಗಿಯೇ ನಾನು ರವಿವಾರದ ದಾರಿ ಕಾಯುವುದು.

ಗಿರಮಿಟ್ಟು, ಮಿರ್ಚಿ ಬಂದಾಗ ಎಲ್ಲ ಚೌಕಗಳನ್ನೂ ಚೀಲಕ್ಕೆ ಸೇರಿಸಿದೆವು. ಎಣ್ಣೆಯ ಕೈಗೆ ಕೂಸಿನ ಹೊದಿಕೆ ಸಿಗಬಾರದು. ತಿನ್ನುತ್ತ ವೈನಿಯ ಅತ್ತೆ ತಮ್ಮ ತವರಿನ ಕಡೆಯ ಮಾತು ತೆಗೆದರು. ರಾಣೆಬೆನ್ನೂರು ತಾಲೂಕು, ಮೇಡ್ಲೇರಿ ಹತ್ತಿರದ ಹಳ್ಳಿ ಅವರದು, ಕಂಬಳಿಯ ಸೀಮೆ. ಕುರಿಯ ಉಣ್ಣೆ ಕತ್ತರಿಸಿ, ನೂತು, ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಕೊಟ್ಟು ನೇಯುವುದನ್ನು ನೋಡುತ್ತ ಬೆಳೆದವರು. "ಇದು ಉಣ್ಣಿನ ಏನವಾ?" ಅಂತ ನಮ್ಮ ಉಂಡೆ ಒತ್ತಿ ಕೇಳಿದರು. ಅಲ್ಲ, ಅಂಗಡಿಯಲ್ಲಿ ಉಲನ್ ಅಂತ ನಾವು ತರುವುದು ಬಹುಮಟ್ಟಿಗೆ ಅಕ್ರಿಲಿಕ್ಕೇ. ಡೆಕ್ಕನಿ ಕುರಿಯ ಉಣ್ಣೆ ಒರಟು, ಎಳೆಗೂಸಿನ ಮೈಗೆ ಚುಚ್ಚುತ್ತದೆ. ಆದರೆ ಆ ಕರಿ ಉಣ್ಣೆಯನ್ನು ಕೈಯಲ್ಲೇ ನೂತು ಒಂದು ಆಸನವನ್ನಾದರೂ ಹೆಣೆಯಬೇಕು ಅನ್ನುವ ಆಸೆ ನನಗೆ ಬಹಳ ದಿನದಿಂದ ಇದೆ. ಅಜ್ಜಿಗೆ ಹೇಳಿದೆ. "ದೀಪಾವಳಿಗೆ ಊರಿಗೆ ಹೋಗೂಣು ಬಾ" ಅಂದರು.

ಚೌಕಗಳನ್ನು ಕೂಡಿಸುವುದು ಅಕ್ಕಾವರ ಪಾಲಿಗೆ. ಎರಡು ಅಂಚನ್ನೂ ಸೀದಾ ಬದಿಯಿಂದ ಪಕ್ಕಪಕ್ಕ ಇಟ್ಟು, ಮೊದಲ ಕುಣಿಕೆಯ ಒಳಗಿನ ಅಡ್ಡ ಎಳೆಯನ್ನು ಅತ್ತೊಂದು ಇತ್ತೊಂದು ಎತ್ತಿ ಎಳೆದರೆ ಹೊಲಿಗೆ ಕಾಣಿಸುವುದೇ ಇಲ್ಲ. ಅವರ ಸಡಿಲ ಕೈ ಇಲ್ಲಿ ವರ. ಬಿಗಿದು ಎಳೆದರೆ ಹೊದಿಕೆ ನಿರಿಗೆ ಹಿಡಿಯುತ್ತದೆ.

ಉಳಿದದ್ದು ಅಂಚು. ಬರೀ ಚೌಕಗಳನ್ನು ಬಿಟ್ಟರೆ ತುದಿ ಸುರುಳಿ ಸುತ್ತುತ್ತದೆ, ಸುತ್ತಲೂ ಎರಡು ಬೆರಳಗಲ ಎಲ್ಲ ಸಾಲೂ ಸೀದಾ ಹೆಣೆದ ಪಟ್ಟಿ ಬಂದರೆ ಮಲಗುತ್ತದೆ. ಚೌಕದ ಕೆನೆ ಬಣ್ಣದ ಆ ಲಾಟ್, ಅಂದರೆ ಒಂದೇ ಸಲ ಬಣ್ಣ ಹಾಕಿದ ಉಂಡೆಗಳು, ಅಂಗಡಿಯಲ್ಲಿ ಮುಗಿದಿವೆ. ಶೇಡ್ ನಂಬರ್ ಒಂದೇ ಇದ್ದರೂ ಲಾಟ್ ಬೇರೆಯಾದರೆ ಬಿಸಿಲಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಅದಕ್ಕೆ ಅಂಚಿಗೆ ಬೇರೆ ಬಣ್ಣವನ್ನೇ ತರುವುದು ಅಂತ ಆಯಿತು. ಚಂದ್ರಕಾಳಿ ಸೀರೆಯ ಹಾಗೆ ಕರಿ ಇರಲಿ ಅಂದಳು ಹುಡುಗಿ. ಕೂಸಿಗೆ ಕರಿ ಬೇಡವೇ ಬೇಡ ಅಂದರು ಅಜ್ಜಿ. ಕಾಕು ಕುಂಕುಮದ ಕೆಂಪು ಅಂದರು, ವೈನಿಯ ಮಗಳೂ ಅದನ್ನೇ ಒಪ್ಪಿದಳು.

ಮುಂದಿನ ರವಿವಾರ ಎಲ್ಲರ ಮನೆಯಲ್ಲೂ ಪಂಚಮಿ ಉಂಡಿ ಕಟ್ಟುವ ಗದ್ದಲ, ಕೂಡುವುದಿಲ್ಲ. ಆಗಸ್ಟ್ 3ಕ್ಕೆ ಸೇರುತ್ತೇವೆ. ನಾಳೆ ಆಫೀಸ್ ಮುಗಿಸಿ ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಬೇಕು. ದುರ್ಗದಬೈಲ್ ಹತ್ತಿರದ ಅಂಗಡಿಯಲ್ಲಿ ಕುಂಕುಮ ಕೆಂಪಿನ ಉಂಡೆ, ಎಲ್ಲ ಒಂದೇ ಲಾಟಿನವು, ಕಾಕುವಿಗೆ ಅವರದೇ ಒಂದು ಜೊತೆ ಎಂಟು ನಂಬರ್ ಕಡ್ಡಿ.