ನಾಯಿಯ ಹಲ್ಲಿಗೆ ನಾಲ್ಕನೇ ನಂಬರ್ ಫಿಲ್ಮ್

ಕಳೆದ ಮಳೆಗಾಲದಲ್ಲಿ ಬದಿಯಡ್ಕದ ನನ್ನ ಕ್ಲಿನಿಕ್‌ಗೆ ಒಂದು ಲ್ಯಾಬ್ರಡಾರ್ ಬಂತು. ಕಣ್ಣಿನ ಕೆಳಗೆ ನಿಂಬೆಕಾಯಿಯಷ್ಟು ಬಾವು. "ತೋಟದಲ್ಲಿ ಮುಳ್ಳು ಚುಚ್ಚಿರಬೇಕು ಡಾಕ್ಟ್ರೇ" ಅಂದರು ಯಜಮಾನರು. ನನಗೆ ಅನುಮಾನ ಹಲ್ಲಿನ ಮೇಲೆ. ಮೇಲ್ದವಡೆಯ ದೊಡ್ಡ ಹಲ್ಲಿಗೆ ಮೂರು ಬೇರು. ಅದರ ತುದಿಯಲ್ಲಿ ಕೀವಾದರೆ ಬಾವು ಏಳುವುದು ಅಲ್ಲೇ.

ಅರಿವಳಿಕೆ ಕೊಟ್ಟು, ಕೈಯಲ್ಲಿದ್ದ ಎರಡನೇ ನಂಬರ್ ಎಕ್ಸ್‌ರೇ ಫಿಲ್ಮ್ ಬಾಯಲ್ಲಿಟ್ಟೆ. ನಂಬರ್ ಅಂದರೆ ಫಿಲ್ಮಿನ ಅಳತೆ. 31×41 ಮಿ.ಮೀ., ಮನುಷ್ಯರ ದವಡೆ ಹಲ್ಲಿಗೆ ಬಳಸುವಂಥದ್ದು. ಬೆಕ್ಕಿಗೆ, ಸಣ್ಣ ನಾಯಿಗೆ ಸಾಕು. ಇಲ್ಲಿ ಹಲ್ಲೇನೋ ಬಂತು, ಬೇರಿನ ತುದಿ ಹೊರಗೇ ಉಳಿಯಿತು. ಬೇಕಾಗಿದ್ದದ್ದೇ ಅದು, ಅಲ್ವಾ? ಫಿಲ್ಮ್ ಸರಿಸಿ ಮತ್ತೊಮ್ಮೆ ತೆಗೆದೆ. ಬೇರಿನ ತುದಿಯ ಸುತ್ತ ಕಪ್ಪು ಮಚ್ಚೆ, ಕೀವಿನ ಗುರುತು.

ಆಮೇಲೆ ನಾಲ್ಕನೇ ನಂಬರ್ ತರಿಸತೊಡಗಿದೆ. 57×76 ಮಿ.ಮೀ. ದೊಡ್ಡ ನಾಯಿಗೂ ಒಂದೇ ಫಿಲ್ಮಿನಲ್ಲಿ ಮೂರ್ನಾಲ್ಕು ಹಲ್ಲು ಬೇರುಸಹಿತ ಸಿಗುತ್ತವೆ. ರೇಟು ಜಾಸ್ತಿ, ಇರಲಿ.

ಫಿಲ್ಮಿನ ಸ್ಪೀಡ್, ಅಂದರೆ ಎಷ್ಟು ಕಡಿಮೆ ಎಕ್ಸ್‌ರೇಗೆ ಚಿತ್ರ ಮೂಡುತ್ತದೆ ಅನ್ನುವುದರಲ್ಲಿ, ನನ್ನ ಆಯ್ಕೆ ಎಫ್. ಡಿ ಸ್ಪೀಡ್‌ಗೆ ಬೇಕಾದ ಎಕ್ಸ್‌ರೇಯ ಅರ್ಧಕ್ಕಿಂತ ಕಡಿಮೆ ಸಾಕು. ನಾಯಿಗೂ ಒಳ್ಳೆಯದು, ದಿನಾ ಅಲ್ಲೇ ನಿಲ್ಲುವ ನಮಗೂ. ಆದರೆ ಕತ್ತಲೆಕೋಣೆಯ ಹಳೆಯ ಹಳದಿ ದೀಪದಲ್ಲೇ ತೊಳೆಯಲು ಹೋಗಿ ಮೊದಲ ನಾಲ್ಕು ಫಿಲ್ಮ್ ಮಬ್ಬಾದವು. ಇದಕ್ಕೆ ಕೆಂಪು ದೀಪವೇ ಬೇಕು. ನಾನು ಸುಮ್ನೆ ಫಿಲ್ಮ್ ತೊಳೆಯುವ ದ್ರಾವಣ ಡೆವಲಪರ್‌ಗೆ ಬೈದೆ.

ಇನ್ನೊಂದು. ಫಿಲ್ಮಿನ ಮೂಲೆಯ ಉಬ್ಬು ಚುಕ್ಕೆ ಎಕ್ಸ್‌ರೇ ಟ್ಯೂಬಿನ ಕಡೆಗಿರಲಿ. ಅವಸರದಲ್ಲಿ ತಿರುಗಿಸಿಟ್ಟರೆ ಹಿಂದಿನ ಸೀಸದ ಹಾಳೆಯ ಗೆರೆಗಳು ಹಲ್ಲಿನ ಮೇಲೆ ಮೂಡುತ್ತವೆ.

ಯಜಮಾನರಿಗೆ ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ತೋರಿಸಿದೆ. ತುಂಬಾ ಹೊತ್ತು ನೋಡಿದರು. "ಮುಳ್ಳು ಎಲ್ಲಿ ಕಾಣ್ತದೆ ಡಾಕ್ಟ್ರೇ?"