ಗಂಜಾಮಿಗೆ ಹೊರಟುಹೋದ ಶಿರಾ

ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಓಡಾಡುವವರಿಗೆ ಶಿರಾ ಅಂದ್ರೆ ಕಾಫಿಗೆ ಗಾಡಿ ನಿಲ್ಲಿಸುವ ಊರು, ಅಷ್ಟೇ. ತುಮಕೂರಿನಿಂದ ಬಸ್ಸಿನಲ್ಲಿ ಹೋಗಿ ಇಳಿದು, ಎಳನೀರು ಮಾರುವವರ ಹತ್ತಿರ "ಅಣ್ಣ, ಕೋಟೆಗೆ ಯಾವ ಕಡೆ?" ಅಂತ ಕೇಳಿದೆ. "ಬರೀ ಗೋಡೆ ಕಣಪ್ಪಾ, ನೋಡೋಕೆ ಏನಿದೆ?" ಅಂದರು. ಆದರೂ ದಾರಿ ತೋರಿಸಿದರು.

ಆ ಗೋಡೆಯೇ ನನಗೆ ಬೇಕಾಗಿತ್ತು. ಕಂದಕದ ಅಂಚಿನಲ್ಲಿ ಜಾಲಿ ಬೆಳೆದಿದೆ. ಒಂದು ಕಡೆ ಕಲ್ಲುಗಳ ಸಂದಿಯಲ್ಲಿ ಗಿಡದ ಬೇರು ಇಳಿದು, ಕೈ ತೂರುವಷ್ಟು ಬಿರುಕು ಬಿಟ್ಟಿದೆ. ರತ್ನಗಿರಿಯ ಪಾಳೇಗಾರ ರಂಗಪ್ಪ ನಾಯಕ ಶುರು ಮಾಡಿದ ಕೋಟೆ ಇದು. ಕೆಲಸ ಮುಗಿಯುವ ಮೊದಲೇ, 1638ರಲ್ಲಿ, ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಊರು ಗೆದ್ದುಕೊಂಡ. 1687ರಲ್ಲಿ ಮೊಘಲರು ಬಂದು ಇದನ್ನೇ ತಮ್ಮ ಸುಬಾದ, ಅಂದರೆ ಪ್ರಾಂತ್ಯದ, ರಾಜಧಾನಿ ಮಾಡಿಕೊಂಡರು. ಕೋಲಾರ, ಹೊಸಕೋಟೆ, ದೊಡ್ಡಬಳ್ಳಾಪುರ ಎಲ್ಲ ಇಲ್ಲಿಂದಲೇ ನಡೆಯುತ್ತಿದ್ದವು. ಇಲ್ಲಿ ನವಾಬನಾಗಿ ಆಳಿದ ಮೊಘಲ್ ಅಧಿಕಾರಿ ದಿಲಾವರ್ ಖಾನನ ಕಾಲಕ್ಕೆ ಐವತ್ತು ಸಾವಿರ ಮನೆಗಳಿದ್ದವಂತೆ. ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳಿಗೆ ಅವನ ಅರಮನೆಯೇ ಮಾದರಿ ಅನ್ನುವ ಮಾತೂ ಇದೆ.

ಆಮೇಲೆ ನೆಮ್ಮದಿ ಇರಲಿಲ್ಲ. 1757ರಲ್ಲಿ ಮರಾಠರು, 1761ರಲ್ಲಿ ಹೈದರ್, 1766ರಲ್ಲಿ ಮತ್ತೆ ಮರಾಠರು, 1774ರಲ್ಲಿ ಟಿಪ್ಪು. ಹೈದರನ ತಂದೆ ಫತೇ ಮಹಮದ್ ಶಿರಾ ನವಾಬರ ಸೈನ್ಯದಲ್ಲಿದ್ದವರು. ಮಗ ಅದೇ ಶಿರಾಕ್ಕೆ ನವಾಬ ಅನ್ನಿಸಿಕೊಂಡ!

ಆದರೆ ಊರು ಹಾಳಾಗಿದ್ದು ಫಿರಂಗಿಯಿಂದ ಮಾತ್ರ ಅಲ್ಲ. ಟಿಪ್ಪು ಇಲ್ಲಿನ ಹನ್ನೆರಡು ಸಾವಿರ ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ, ಶ್ರೀರಂಗಪಟ್ಟಣದ ಪಕ್ಕ ಹೊಸದಾಗಿ ಕಟ್ಟಿಸಿದ ಗಂಜಾಮಿಗೆ ಕಳಿಸಿದ. ಹನ್ನೆರಡು ಸಾವಿರ ಮನೆಗಳ ಒಲೆ ಆರಿದರೆ ಊರಲ್ಲಿ ಏನು ಉಳಿಯುತ್ತೆ, ಅಲ್ವಾ? ಹಿಟ್ಟು, ಪಾತ್ರೆ, ಮುದುಕರು, ಮಕ್ಕಳು, ಎಲ್ಲ ಕಟ್ಟಿಕೊಂಡು ಅಷ್ಟು ದೂರ ಹೋದವರ ಬಗ್ಗೆ ಯೋಚಿಸಿದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮುತ್ತಿಗೆಗಳ ಇಸವಿ ಎಲ್ಲರೂ ಬರೆದಿಟ್ಟಿದ್ದಾರೆ, ಹೋದವರ ಹೆಸರು ಯಾರು ಬರೆದರು?

ಬಿಜಾಪುರದ ಪರವಾಗಿ ಶಿರಾ ಆಳಿದ ಮಲಿಕ್ ರಿಹಾನ್‌ನ ದರ್ಗಾ 1651ರದ್ದು, ಜುಮ್ಮಾ ಮಸೀದಿ 1696ರದ್ದು. ಎರಡೂ ಗಟ್ಟಿಯಾಗಿವೆ, ಜನ ದಿನಾ ಬರುತ್ತಾರೆ. ಹೋದರೆ ಅವಸರ ಮಾಡದೆ ನೋಡಿ. ಕೋಟೆ ಬಾಗಿಲಲ್ಲಿ ಗಂಜಾಮಿನ ಕಥೆ ಹೇಳುವ ಒಂದು ಫಲಕ ಹಾಕಬೇಕು. ಗಂಜಾಮಿನಲ್ಲೂ ಶಿರಾ ಹೆಸರಿನ ಒಂದು ಫಲಕ ಬೇಕು.