ಮೊದಲ ತೊಳೆನೀರು ತೆಂಗಿಗೆ

ಉಡುಪಿ ಜಿಲ್ಲೆಯ ಕಟಪಾಡಿಯಿಂದ ಪಡುವಣಕ್ಕೆ, ಕಡಲಿಗೆ ಹತ್ತಿರದಲ್ಲಿರುವ ನಮ್ಮ ಹಿತ್ತಿಲಿನ ಮಣ್ಣು ಮುಕ್ಕಾಲು ಪಾಲು ಮರಳು. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿಯುವ ಈ ಊರಿನಲ್ಲಿ ಹಟ್ಟಿಗೊಬ್ಬರ, ಸುಡುಮಣ್ಣು, ಬೂದಿ ಎಷ್ಟು ಹಾಕಿದರೂ ಸೋಣ ತಿಂಗಳು (ಆಗಸ್ಟ್-ಸೆಪ್ಟೆಂಬರ್) ಬರುವಷ್ಟರಲ್ಲಿ ಅದರ ಸತ್ವವೆಲ್ಲ ಬಸಿದು ಹೋಗಿರುತ್ತದೆ. ಸಾರಜನಕ, ಪೊಟ್ಯಾಷ್ ಎರಡನ್ನೂ ಹಿಡಿದಿಟ್ಟುಕೊಳ್ಳುವ ಶಕ್ತಿ ಮರಳಿಗಿಲ್ಲ. ಬೇಸಗೆಯಲ್ಲಂತೂ ಬೆಳಿಗ್ಗೆ ಹಾಯಿಸಿದ ನೀರಿನ ಗುರುತು ಮಧ್ಯಾಹ್ನಕ್ಕೆ ಉಳಿಯುವುದಿಲ್ಲ.

ಈ ಮರಳಿಗೆ ಗೊಬ್ಬರವಾಗಿ ನನಗೆ ಹೊಳೆದದ್ದು ಕಡಲಪಾಚಿ. ಅದರಲ್ಲಿ ಪೊಟ್ಯಾಷ್ ಧಾರಾಳವಾಗಿದೆ. ಕಂದು ಜಾತಿಯ ಪಾಚಿಗಳಲ್ಲಿ ಆಲ್ಜಿನೇಟ್ ಎಂಬ ಅಂಟಿನಂಥ ವಸ್ತುವಿದ್ದು, ಅದು ಮಣ್ಣಿನ ಕಣಗಳನ್ನು ಬೆಸೆದು ತೇವವನ್ನು ಹಿಡಿದಿಡುತ್ತದೆ. ಐರ್ಲೆಂಡಿನ ಅರಾನ್ ದ್ವೀಪಗಳಲ್ಲಿ ಬರಿಯ ಸುಣ್ಣಕಲ್ಲಿನ ಮೇಲೆ ಮರಳನ್ನೂ ಪಾಚಿಯನ್ನೂ ಹರಡಿ ಮಣ್ಣನ್ನೇ ತಯಾರಿಸಿಕೊಂಡು ಆಲೂಗಡ್ಡೆ ಬೆಳೆದರು. ಕಲ್ಲಿನ ಮೇಲೆ ಅವರಿಗೆ ಸಾಧ್ಯವಾದದ್ದು ಮರಳಿನ ಮೇಲೆ ನಮಗೇಕಾಗದು ಎಂದು ನಾನು ಮನೆಯಲ್ಲಿ ಹೇಳುತ್ತಲೇ ಇದ್ದೆ. ಅತ್ತೆ ಒಪ್ಪಿರಲಿಲ್ಲ. ಹೊಳೆಯ ಕಟ್ಟ ಒಡೆದು ಉಪ್ಪುನೀರು ನುಗ್ಗಿದ ಗದ್ದೆ ಆ ವರ್ಷವಿಡೀ ಬೆಳ್ಳಗೆ ಬಿದ್ದುಕೊಂಡಿದ್ದನ್ನು ಅವರು ಕಣ್ಣಾರೆ ಕಂಡವರು. "ಉಪ್ಪನ್ನು ದುಡ್ಡು ಕೊಡದೆ ತಂದರೂ ಅದು ಉಪ್ಪೇ" ಎನ್ನುತ್ತಿದ್ದರು. ಆ ಭಯಕ್ಕೆ ಕಾರಣವಿತ್ತು. ಓದಿ ತಿಳಿದದ್ದನ್ನು ಹೇಳಿ ಅದನ್ನು ತಳ್ಳಿಹಾಕುವ ಹಾಗಿರಲಿಲ್ಲ.

ಸಂಕ್ರಾಂತಿ ಕಳೆದು ಬಂದ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಕಾಪುವಿಗೆ ಹೋದೆವು. ನಮ್ಮ ಕರಾವಳಿಯ ಬಹುಪಾಲು ಮರಳದಂಡೆ. ಪಾಚಿ ಕಚ್ಚಿಕೊಂಡು ಬೆಳೆಯಲು ಕಲ್ಲು ಬೇಕು. ಕಾಪುವಿನಲ್ಲಿ 1901ರ ದೀಪಸ್ತಂಭವನ್ನು ಹೊತ್ತ ಬಂಡೆಗಳಿರುವುದರಿಂದ ಅಲ್ಲಿ ಪಾಚಿ ಸಿಗುತ್ತದೆ. ಬಂದರು, ಅಳಿವೆಗಳ ಬಳಿಯ ಪಾಚಿ ನಮಗೆ ಬೇಡವಾಗಿತ್ತು. ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಪಾಚಿ ಹೀರಿಟ್ಟುಕೊಳ್ಳುತ್ತದೆ, ಅಂಥದ್ದನ್ನು ತಿನ್ನುವ ತರಕಾರಿಯ ಬುಡಕ್ಕೆ ಹಾಕಬಾರದು.

ನೀರು ಚೆನ್ನಾಗಿ ಇಳಿದಿತ್ತು. ರಾತ್ರಿಯ ಉಬ್ಬರ ತಂದುಬಿಟ್ಟ ಪಾಚಿ ದಂಡೆಯ ಉದ್ದಕ್ಕೂ ಗೆರೆಯಾಗಿ ಬಿದ್ದಿತ್ತು. ಹೆಚ್ಚಿನದು ಸಾರ್ಗಾಸಂ: ಕಂದು ಬಣ್ಣದ ಸೀಳೆಲೆಗಳು, ನಡುನಡುವೆ ಒಳ್ಳೆಮೆಣಸಿನ ಕಾಳಿನಂಥ ಗಾಳಿಗುಳ್ಳೆಗಳು. ಬೆರಳಿನಲ್ಲಿ ಒತ್ತಿದರೆ ಚಟ್ಟೆಂದು ಒಡೆಯುತ್ತವೆ. ಕಲ್ಲಿನ ಸಂದುಗಳಲ್ಲಿ ಉಲ್ವಾ ಎಂಬ ತೆಳ್ಳನೆಯ ಹಸಿರು ಪಾಚಿ ಇತ್ತು. ಅದನ್ನು ಎಳೆಯಲು ನಾನು ಬಗ್ಗಿದ್ದನ್ನು ಕಂಡು ಕೈರಂಪಣಿ ಬಲೆಯನ್ನು ದಂಡೆಗೆ ಎಳೆಯುತ್ತಿದ್ದವರಲ್ಲಿ ಒಬ್ಬರು ಕೂಗಿ ಹೇಳಿದರು: "ಅಕ್ಕ, ಬಂಡೆಯದ್ದನ್ನು ಕೀಳಬೇಡಿ, ಮರಿಮೀನು ನಿಲ್ಲುವುದು ಅದರೊಳಗೇ. ಬಲೆಗೆ ಬಂದದ್ದನ್ನು ನಾವೇ ಕೊಡುತ್ತೇವೆ." ಅವರಿಗೆ ಬೇಡದ ಪಾಚಿಯನ್ನು ಬಲೆಯಿಂದ ಕೊಡವಿ ನಮ್ಮ ಗೋಣಿಗೇ ಹಾಕಿದರು. ಮರಳಿನಲ್ಲಿ ಕೂತು ನಾವು ಮಾಡಿದ ದೊಡ್ಡ ಕೆಲಸವೆಂದರೆ ಪಾಚಿಗೆ ಸುತ್ತಿಕೊಂಡ ನೈಲಾನ್ ನೂಲನ್ನು ಬಿಡಿಸಿ ತೆಗೆದದ್ದು. ಹರಿದ ಬಲೆಯ ಎಳೆಗಳು, ಗುಟ್ಕಾ ಪೊಟ್ಟಣಗಳು ಒಂದು ಚೀಲ ತುಂಬಿದವು. ಕಡಲನ್ನು ಹೀಗೆ ಮಾಡಿಟ್ಟಿದ್ದೇವಲ್ಲ ಎಂದು ನಿಜಕ್ಕೂ ಸಂಕಟವಾಯಿತು.

ಮನೆಗೆ ಬಂದ ಮೇಲೆ ಬಾವಿಕಟ್ಟೆಯ ಬಳಿ ದೊಡ್ಡ ಬಾನಿಯಲ್ಲಿ ಪಾಚಿ ಹಾಕಿ, ಉಪ್ಪು ಬಿಡಲೆಂದು ನೀರು ತುಂಬಿ ಕಲಸಿದೆ. ಆ ನೀರನ್ನು ಚರಂಡಿಗೆ ಬಿಡುವಷ್ಟರಲ್ಲಿ ಅತ್ತೆ ತಡೆದರು. "ಚೆಲ್ಲುವುದೇಕೆ? ತೆಂಗಿಗೆ ಹಾಕು. ಸಸಿ ನೆಡುವಾಗ ಗುಂಡಿಗೆ ಉಪ್ಪು ಹಾಕುತ್ತೇವಲ್ಲ." ಹೌದಲ್ಲ! ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಲ್ಲಿ ತೆಂಗಿನ ಗುಂಡಿಗೆ ಕಲ್ಲುಪ್ಪು ಹಾಕಿ ಬಿಡುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಗಟ್ಟಿಮಣ್ಣು ಅದರಿಂದ ಸಡಿಲವಾಗುತ್ತದೆ. ತೆಂಗು ಉಪ್ಪನ್ನು ತಾಳಿಕೊಳ್ಳುವ ಮರ, ಬೆಂಡೆ ಹಾಗಲ್ಲ. ಇಷ್ಟು ದಿನ ನಮ್ಮಿಬ್ಬರ ನಡುವೆ ನಡೆದ ವಾದಕ್ಕೆ ಉತ್ತರ ಅವರ ಬಾಯಿಂದಲೇ ಬಂತು. ಮೊದಲ ನೀರು ತೆಂಗಿನ ಕಟ್ಟೆಗೆ ಹೋಯಿತು.

ಆಮೇಲಿನ ಉಸ್ತುವಾರಿಯೆಲ್ಲ ಅತ್ತೆಯದೇ. ಪ್ರತಿ ಸಲ ನೀರು ಬದಲಿಸಿದಾಗ ಪಾಚಿಯ ಒಂದು ಎಲೆಯನ್ನು ಹಿಂಡಿ, ಬೆರಳನ್ನು ನಾಲಿಗೆಗೆ ತಾಗಿಸಿ "ಇನ್ನೂ ಇದೆ" ಎನ್ನುವರು. ಕೊನೆಗೆ "ಈಗ ಬಾವಿನೀರೇ" ಎಂದಾಗ ನನ್ನ ಸೊಂಟ ಹಿಡಿದುಕೊಂಡಿತ್ತು. ಅಷ್ಟಕ್ಕೂ ಬಿಡದೆ, ಆ ಕೊನೆಯ ನೀರನ್ನು ಒಂದು ಗೆರಟೆಯ ಮಣ್ಣಿಗೆ ಹಾಕಿ ಅದರಲ್ಲಿ ಹೆಸರುಕಾಳು ಬಿತ್ತಿಸಿದರು. ಅದು ಮೊಳೆತ ಮೇಲಷ್ಟೇ ಪಾಚಿಗೆ ತೋಟದ ಒಳಗೆ ಪ್ರವೇಶ.

ಅಲ್ಲಿಯವರೆಗೆ ಪಾಚಿಯನ್ನು ಕತ್ತಿಯಲ್ಲಿ ಕೊಚ್ಚಿ ತರಗೆಲೆ, ಸೆಗಣಿಯೊಂದಿಗೆ ಪದರ ಪದರವಾಗಿ ಇಟ್ಟಿದ್ದೆ. ಪಾಚಿಯಲ್ಲಿ ಮರಗಿಡಗಳಲ್ಲಿರುವಂಥ ಗಟ್ಟಿನಾರು ಇಲ್ಲ, ಬೇಗ ಕೊಳೆಯುತ್ತದೆ. ಹಾಗೆಂದು ಒಂದೇ ರಾಶಿ ಹಾಕಿದರೆ ಗಾಳಿಯಾಡದೆ ನೆರೆಮನೆಯವರೆಗೂ ನಾರುತ್ತದೆ. ಒಣ ಎಲೆ ಹೆಚ್ಚು ಬೇಕು. ಇನ್ನೊಂದು ಮಾತು: ಪಾಚಿಯಲ್ಲಿ ರಂಜಕ ಕಡಿಮೆ. ಅದಕ್ಕಾಗಿ ಮೀನಿನ ತಲೆ, ಮುಳ್ಳುಗಳನ್ನು ನಡುವಿನ ಪದರದಲ್ಲಿ ಹೂತೆ. ಬೂತಾಯಿ ಮೀನು ಹೇರಳವಾಗಿ ಬಂದ ವರ್ಷ ತೆಂಗಿನ ಬುಡಕ್ಕೆ ಅದನ್ನೇ ಹಾಕುತ್ತಿದ್ದ ಊರಿಗೆ ಇದೇನೂ ಹೊಸತಲ್ಲ. ಇಫ್ಕೋದ ಸಾಗರಿಕಾದಂಥ ಪಾಚಿಯ ದ್ರವಗೊಬ್ಬರ ಅಂಗಡಿಯಲ್ಲಿ ಸಿಗುತ್ತದೆ, ಬಾಲ್ಕನಿಯ ಕುಂಡಗಳಿಗೆ ಅದು ಸಾಕು. ಆದರೆ ಮರಳಿಗೆ ಬೇಕಾದ ಮೈ, ಅಂದರೆ ಕೊಳೆತು ಮಣ್ಣಾಗುವ ಸೊಪ್ಪುಸದೆ, ಬಾಟಲಿಯಿಂದ ಬರುವುದಿಲ್ಲ.

ಗುಳ್ಳ ಬದನೆಯ ಒಂದು ಸಾಲಿಗೆ ಈ ಗೊಬ್ಬರ, ಪಕ್ಕದ ಸಾಲಿಗೆ ಎಂದಿನ ಹಟ್ಟಿಗೊಬ್ಬರ ಹಾಕಿದೆವು. ಕಾಯಿಯ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಂಡದ್ದು ಏಪ್ರಿಲಿನ ಬಿಸಿಲಿನಲ್ಲಿ: ಪಕ್ಕದ ಸಾಲು ಮಧ್ಯಾಹ್ನವಾಗುತ್ತಿದ್ದಂತೆ ಎಲೆ ಇಳಿಬಿಟ್ಟರೆ ಪಾಚಿಯ ಸಾಲು ಸಂಜೆಯವರೆಗೂ ನೆಟ್ಟಗೆ ನಿಲ್ಲುತ್ತಿತ್ತು. ಬುಡ ಕೆದಕಿದರೆ ಮಣ್ಣು ಬೆರಳಿಗೆ ಅಂಟುತ್ತಿತ್ತು. ನಮ್ಮ ಹಿತ್ತಿಲಿನ ಮರಳು ಹಾಗೆ ಅಂಟಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಈಗ ಶಂಕರಪುರದ ಕಡೆಯ ಒಬ್ಬ ಮಲ್ಲಿಗೆ ಬೆಳೆಗಾರ್ತಿ ತಮಗೂ ಪಾಚಿ ಬೇಕೆಂದು ಕೇಳಿದ್ದಾರೆ. ಅವರ ಮನೆಯ ಖರ್ಚು ನಡೆಯುವುದೇ ಆ ಹೂವು ಮಾರಿ ಬಂದ ದುಡ್ಡಿನಿಂದ. ಹಾಗಾಗಿ ಈ ವರ್ಷ ಒಂದೇ ಗಿಡದ ಬುಡಕ್ಕೆ ಹಾಕಿ ನೋಡಿ ಎಂದು ಹೇಳಿ ಅರ್ಧ ಗೋಣಿ ಕೊಟ್ಟಿದ್ದೇನೆ. ತೊಳೆದದ್ದು ಸಾಕೇ ಎಂದು ನೋಡಲು ಅತ್ತೆ ತಾವೇ ಹೋಗಿ ಬರುತ್ತಾರಂತೆ.